ಮಾಜಿ ಸೈನಿಕರು ಆಸ್ಪತ್ರೆಗೆ ಹೋಗೋದು ಹೇಗೆ? ಕೊಡಗಿನವರಿಗೆ ದಾರಿ, ಗಾಡಿ, ಖರ್ಚಿನ ಪೂರ್ತಿ ಮಾಹಿತಿ

ಮಡಿಕೇರಿ: ಫೀಲ್ಡ್ ಮಾರ್ಷಲ್ ಕಾರ್ಯಪ್ಪ, ಜನರಲ್ ತಿಮ್ಮಯ್ಯ ಅವರ ಜಿಲ್ಲೆ ಇದು. ಸೇನೆಯಲ್ಲಿ ದುಡಿದು ಬಂದವರು ಇಲ್ಲದ ಊರು ಕೊಡಗಿನಲ್ಲಿ ಹುಡುಕಿದರೂ ಸಿಗೋದು ಕಷ್ಟ. ಪಟ್ಟಣದ ಸರ್ಕಲ್‌ಗಳಲ್ಲಿ ಪ್ರತಿಮೆಗಳಿವೆ, ವರ್ಷಕ್ಕೊಂದು ಸಲ ಹಾರ ಬೀಳುತ್ತೆ. ಆದರೆ ತೋಟದ ಮನೆಯಲ್ಲಿ ಹೆಂಡತಿ ಜೊತೆ ಇಬ್ಬರೇ ಇರೋ ಹಳೇ ಹವಾಲ್ದಾರ್‌ಗೆ ಬೆಳಿಗ್ಗೆ ಎದ್ದು ಆಸ್ಪತ್ರೆಗೆ ಹೋಗೋದೇ ದೊಡ್ಡ ಕೆಲಸ. ಮಕ್ಕಳು ಬೆಂಗಳೂರಲ್ಲೋ ಹೊರದೇಶದಲ್ಲೋ ಇರುತ್ತಾರೆ. ಮನೆಯಿಂದ ಬಸ್ ಬರೋ ರಸ್ತೆಗೆ ಎರಡು ಮೂರು ಕಿಲೋಮೀಟರ್. ಅಲ್ಲಿಂದ ಮಡಿಕೇರಿ, ಅಲ್ಲಿಂದ ಮೈಸೂರು.

ಭಾಗಮಂಡಲ ಕಡೆಯ 78 ವರ್ಷದ ನಿವೃತ್ತ ಸುಬೇದಾರ್ ಒಬ್ಬರು ಅಂತ ಇಟ್ಕೊಳ್ಳಿ. ಹೃದಯದ ತಪಾಸಣೆಗೆ ಮೈಸೂರಿಗೆ ಬರೆದುಕೊಟ್ಟಿದ್ದಾರೆ. ಮಡಿಕೇರಿಗೆ 35 ಕಿ.ಮೀ.ಗೂ ಹೆಚ್ಚು, ಮಡಿಕೇರಿಯಿಂದ ಮೈಸೂರಿಗೆ ಸುಮಾರು 120 ಕಿ.ಮೀ. ಹೋಗಿ ಬರೋದು ಅಂದ್ರೆ 300 ಕಿ.ಮೀ. ದಾಟುತ್ತೆ. ಆಸ್ಪತ್ರೆಯಲ್ಲಿ ಅವರ ಹತ್ರ ಒಂದು ರೂಪಾಯಿ ಕೇಳದೇ ಇರಬಹುದು, ಬಾಡಿಗೆ ಕಾರಿನವರು ಮಾತ್ರ ಕೇಳೇ ಕೇಳ್ತಾರೆ. ಚಿಕಿತ್ಸೆ ಪುಕ್ಕಟೆ, ದಾರಿ ಪುಕ್ಕಟೆ ಅಲ್ಲ. ತಪಾಸಣೆ ಮುಂದಕ್ಕೆ ಹಾಕೋದು, ಮಾತ್ರೆ ಮುಗಿದರೂ ಸುಮ್ಮನಿರೋದು ಶುರುವಾಗೋದು ಇಲ್ಲಿಂದಲೇ.

ಈ ದಾರಿಗೆ ಇರೋ ಸೌಲಭ್ಯ ಯಾವುದು, ಅದನ್ನ ಪಡೆಯೋಕೆ ಯಾವ ಕಾಗದ ಬೇಕು, ಯಾವ ಗಾಡಿಯನ್ನ ಯಾವಾಗ ಕರೀಬೇಕು ಅನ್ನೋದರ ವಿವರ ಇಲ್ಲಿದೆ. ಮಾಜಿ ಸೈನಿಕರ ಮನೆಯವರು, ಪಕ್ಕದ ಮನೆಯವರು, ಅಂಗಡಿಯವರು, ಆಟೋದವರು ಎಲ್ಲರೂ ಓದಿಟ್ಟುಕೊಳ್ಳಬಹುದು.

ಇಸಿಎಚ್‌ಎಸ್ ಅಂದ್ರೆ ಏನು?

ಮಾಜಿ ಸೈನಿಕರ ಕೊಡುಗೆ ಆಧಾರಿತ ಆರೋಗ್ಯ ಯೋಜನೆಯನ್ನೇ ಎಲ್ಲರೂ ಇಸಿಎಚ್‌ಎಸ್ ಅಂತಾರೆ. ಕೇಂದ್ರ ರಕ್ಷಣಾ ಸಚಿವಾಲಯದ ಈ ಯೋಜನೆ 2003ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಮುಖ್ಯವಾಗಿ ಪಿಂಚಣಿ ಪಡೆಯುವ ಮಾಜಿ ಸೈನಿಕರು, ಅವರ ಪತ್ನಿ ಅಥವಾ ಪತಿ, ಕುಟುಂಬ ಪಿಂಚಣಿ ಪಡೆಯುವ ವಿಧವೆಯರು, ಅವಲಂಬಿತ ಮಕ್ಕಳು ಮತ್ತು ತಂದೆ ತಾಯಿ ಇದರೊಳಗೆ ಬರ್ತಾರೆ. ನಿವೃತ್ತಿಯ ಸಮಯದಲ್ಲಿ ದರ್ಜೆಗೆ ತಕ್ಕಂತೆ ಒಂದೇ ಸಲ ಹಣ ಕಟ್ಟಿ ಸದಸ್ಯರಾಗೋದು ಕ್ರಮ. 1996ರ ಜನವರಿ 1ಕ್ಕಿಂತ ಮೊದಲು ನಿವೃತ್ತರಾದವರಿಗೆ ಮತ್ತು ಯುದ್ಧದಲ್ಲಿ ಮಡಿದವರ ಪತ್ನಿಯರಿಗೆ ಈ ಹಣ ಕಟ್ಟೋದರಿಂದ ವಿನಾಯಿತಿ ಇದೆ.

ಸದಸ್ಯರಿಗೆ ಸ್ಮಾರ್ಟ್ ಕಾರ್ಡ್ ಕೊಡ್ತಾರೆ. ಮನೆಯಲ್ಲಿ ಗಂಡ ಹೆಂಡತಿ ಇಬ್ಬರಿದ್ದರೆ ಇಬ್ಬರಿಗೂ ಬೇರೆ ಬೇರೆ ಕಾರ್ಡ್. ಅಜ್ಜನ ಕಾರ್ಡ್ ತೋರಿಸಿ ಅಜ್ಜಿಗೆ ಚಿಕಿತ್ಸೆ ಕೊಡಿಸೋಕೆ ಆಗಲ್ಲ. ಕಾರ್ಡ್ ಬೀರುವಿನಲ್ಲಿ ಬೀಗ ಹಾಕಿ ಇಡೋ ವಸ್ತು ಅಲ್ಲ. ರಾತ್ರಿ ಎರಡು ಗಂಟೆಗೆ ಆಸ್ಪತ್ರೆಗೆ ಓಡಬೇಕಾದಾಗ ಮೊದಲು ಕೈಗೆ ಸಿಗಬೇಕಾದದ್ದು ಅದೇ.

ಜಿಲ್ಲೆಯಲ್ಲಿ ಎಲ್ಲಿ ಹೋಗಬೇಕು?

ಕೊಡಗಿನಲ್ಲಿ ಇಸಿಎಚ್‌ಎಸ್ ಪಾಲಿಕ್ಲಿನಿಕ್ ಇರೋದು ಎರಡು ಕಡೆ: ಮಡಿಕೇರಿ ಮತ್ತು ವಿರಾಜಪೇಟೆ. ಪೊನ್ನಂಪೇಟೆ, ಗೋಣಿಕೊಪ್ಪ, ಶ್ರೀಮಂಗಲ, ಕುಟ್ಟ ಕಡೆಯವರಿಗೆ ವಿರಾಜಪೇಟೆ ಹತ್ತಿರ. ಭಾಗಮಂಡಲ, ಸುಂಟಿಕೊಪ್ಪ, ಸೋಮವಾರಪೇಟೆ ಕಡೆಯವರಿಗೆ ಮಡಿಕೇರಿ. ಶನಿವಾರಸಂತೆ, ಕೊಡ್ಲಿಪೇಟೆಯವರಿಗೆ ಮಡಿಕೇರಿಯೂ ದೂರವೇ. ಹೊರಜಿಲ್ಲೆಯಲ್ಲಿ ಮೈಸೂರು, ಹಾಸನ, ಮಂಗಳೂರಿನಲ್ಲೂ ಪಾಲಿಕ್ಲಿನಿಕ್ ಇವೆ. ಮಕ್ಕಳ ಮನೆಗೆ ಬೇರೆ ಊರಿಗೆ ಹೋದಾಗ ಕಾಯಿಲೆ ಬಿದ್ದರೆ ಕೊಡಗಿಗೇ ವಾಪಸ್ ಬರಬೇಕಾಗಿಲ್ಲ, ಕಾರ್ಡ್ ತೋರಿಸಿ ಅಲ್ಲಿನ ಪಾಲಿಕ್ಲಿನಿಕ್‌ನಲ್ಲೇ ನೋಡಿಸಿಕೊಳ್ಳಬಹುದು.

ಪಾಲಿಕ್ಲಿನಿಕ್‌ನಲ್ಲಿ ಹೊರರೋಗಿ ತಪಾಸಣೆ, ಸಾಮಾನ್ಯ ಪರೀಕ್ಷೆಗಳು, ಹಲ್ಲಿನ ಚಿಕಿತ್ಸೆ, ಔಷಧಿ ಸಿಗುತ್ತೆ. ಒಳರೋಗಿಯಾಗಿ ಸೇರಿಸಿಕೊಳ್ಳಲ್ಲ. ರಾತ್ರಿ ಹೊತ್ತು, ಭಾನುವಾರ ಬಾಗಿಲು ಹಾಕಿರುತ್ತೆ. ದೊಡ್ಡ ಕಾಯಿಲೆಗೆ ಅಲ್ಲಿಂದ ಸೇನಾ ಆಸ್ಪತ್ರೆಗೋ ಯೋಜನೆಯ ಪಟ್ಟಿಯಲ್ಲಿರೋ ಖಾಸಗಿ ಆಸ್ಪತ್ರೆಗೋ ಬರೆದುಕೊಡ್ತಾರೆ. ಬೆಂಗಳೂರಿನ ವಾಯುಪಡೆ ಕಮಾಂಡ್ ಆಸ್ಪತ್ರೆ ಹೆಸರು ಬಹಳಷ್ಟು ಮಾಜಿ ಸೈನಿಕರಿಗೆ ಗೊತ್ತು.

ಮಡಿಕೇರಿಯಲ್ಲಿ 2016ರಿಂದ ಸರ್ಕಾರಿ ವೈದ್ಯಕೀಯ ಕಾಲೇಜು ಇದ್ದರೂ ಹೃದಯ, ನರ, ಕ್ಯಾನ್ಸರ್ ಅಂದ ಕೂಡಲೇ ಕೊಡಗಿನ ಗಾಡಿಗಳು ಮೈಸೂರು ಇಲ್ಲವೇ ಮಂಗಳೂರು ಕಡೆಗೆ ತಿರುಗೋದು ಎಲ್ಲರಿಗೂ ಗೊತ್ತಿರೋದೇ. 2019ರ ಜೂನ್‌ನಲ್ಲಿ ಜಿಲ್ಲೆಗೆ ಸುಸಜ್ಜಿತ ತುರ್ತು ಆಸ್ಪತ್ರೆ ಬೇಕು ಅಂತ ಸಾಮಾಜಿಕ ಜಾಲತಾಣದಲ್ಲಿ ದೊಡ್ಡ ಅಭಿಯಾನವೇ ನಡೆದಿತ್ತು.

ರೆಫರಲ್ ಇಲ್ಲದೆ ಹೊರಡಬೇಡಿ

ಪಾಲಿಕ್ಲಿನಿಕ್ ವೈದ್ಯರು ಬರೆದುಕೊಡೋ ರೆಫರಲ್ ಇದ್ದರೆ ಪಟ್ಟಿಯಲ್ಲಿರೋ ಆಸ್ಪತ್ರೆಯಲ್ಲಿ ಚಿಕಿತ್ಸೆ ನಗದುರಹಿತ. ದಾರಿಖರ್ಚು ಕೇಳೋದಕ್ಕೂ ಅದೇ ಆಧಾರ. ಕೌಂಟರ್ ಬಿಟ್ಟು ಬರೋ ಮೊದಲು ಈ ನಾಲ್ಕು ವಿಷಯ ನೋಡಿಕೊಳ್ಳಿ:

• ರೆಫರಲ್ ಎಷ್ಟು ದಿನದವರೆಗೆ ನಡೆಯುತ್ತೆ ಅಂತ ಕೇಳಿ. ಆಸ್ಪತ್ರೆಯಲ್ಲಿ ಡಾಕ್ಟರ್ ಸಿಗೋ ದಿನ ಆ ಅವಧಿಯ ಒಳಗೆ ಬರಬೇಕು.

• ಹೋಗಬೇಕಾದ ಆಸ್ಪತ್ರೆ ಈಗಲೂ ಪಟ್ಟಿಯಲ್ಲಿ ಇದೆಯಾ, ನಿಮ್ಮ ಕಾಯಿಲೆಯ ವಿಭಾಗಕ್ಕೂ ಮಾನ್ಯತೆ ಇದೆಯಾ ಕೇಳಿ. ಪಟ್ಟಿ ಆಗಾಗ ಬದಲಾಗುತ್ತೆ. ಹೋದ ವರ್ಷ ತಗೊಂಡಿದ್ರು, ಈ ವರ್ಷವೂ ತಗೋತಾರೆ ಅಂತ 120 ಕಿ.ಮೀ. ಹೋಗಿ ಕೌಂಟರ್‌ನಲ್ಲಿ ಇಲ್ಲ ಅನ್ನಿಸಿಕೊಂಡರೆ ಆ ದಿನದ ಬಾಡಿಗೆ ಪೂರ್ತಿ ದಂಡ.

• ಹೊರಡೋ ಹಿಂದಿನ ದಿನ ಆಸ್ಪತ್ರೆಯ ಇಸಿಎಚ್‌ಎಸ್ ಡೆಸ್ಕ್‌ಗೆ ಫೋನ್ ಮಾಡಿ ಡಾಕ್ಟರ್ ಬರ್ತಾರಾ ಅಂತ ಖಚಿತ ಮಾಡಿಕೊಳ್ಳಿ.

• ಒಬ್ಬರೇ ಹೋಗೋಕೆ ಆಗದ ಸ್ಥಿತಿ ಇದ್ದರೆ, ಜೊತೆಗೆ ಒಬ್ಬರು ಬೇಕು ಅಂತ ವೈದ್ಯರ ಹತ್ರ ಆಗಲೇ ಬರೆಸಿಕೊಳ್ಳಿ. ಹೋಗಿ ಬಂದ ಮೇಲೆ ಬರೆಸೋಕೆ ಹೋದರೆ ಕಷ್ಟ.

75 ವರ್ಷ ದಾಟಿದ ಸದಸ್ಯರು ಹೊರರೋಗಿ ತಪಾಸಣೆಗೆ ರೆಫರಲ್ ಇಲ್ಲದೆ ನೇರವಾಗಿ ಪಟ್ಟಿಯಲ್ಲಿರೋ ಆಸ್ಪತ್ರೆಗೆ ಹೋಗಬಹುದು. ವಯಸ್ಸಾದವರಿಗೆ ಮಡಿಕೇರಿಗೆ ಒಂದು ಸಲ, ಮೈಸೂರಿಗೆ ಇನ್ನೊಂದು ಸಲ ಅಂತ ಎರಡೆರಡು ಓಡಾಟ ತಪ್ಪುತ್ತೆ. ಆದರೆ ಆಸ್ಪತ್ರೆಗೆ ಸೇರಿಸಬೇಕು, ದುಬಾರಿ ಪರೀಕ್ಷೆ ಮಾಡಿಸಬೇಕು ಅಂದಾಗ ಏನು ಕಾಗದ ಬೇಕು ಅಂತ ಮೊದಲೇ ಪಾಲಿಕ್ಲಿನಿಕ್‌ಗೆ ಫೋನ್ ಮಾಡಿ ಕೇಳಿಕೊಂಡು ಹೋಗೋದು ಒಳ್ಳೇದು.

ದಾರಿಖರ್ಚು ವಾಪಸ್ ಸಿಗುತ್ತಾ?

ಬೇಕಾದ ಚಿಕಿತ್ಸೆ ಸ್ಥಳೀಯವಾಗಿ ಇಲ್ಲದೆ ಬೇರೆ ಊರಿಗೆ ರೆಫರ್ ಮಾಡಿದ್ದರೆ ಪ್ರಯಾಣ ಭತ್ಯೆ ಕೇಳೋಕೆ ಅವಕಾಶ ಇದೆ. ಆದರೆ ಕಾರು ಬಾಡಿಗೆಗೆ ಕೊಟ್ಟಷ್ಟೂ ವಾಪಸ್ ಬರುತ್ತೆ ಅಂತ ಲೆಕ್ಕ ಹಾಕಬೇಡಿ. ಸೇವೆಯಲ್ಲಿದ್ದಾಗ ಯಾವ ದರ್ಜೆಯಲ್ಲಿ ಪ್ರಯಾಣ ಮಾಡೋ ಅರ್ಹತೆ ಇತ್ತೋ ಆ ದರ್ಜೆಯ ರೈಲು ಅಥವಾ ಬಸ್ ದರದ ಮಿತಿಯಲ್ಲೇ ಲೆಕ್ಕ. ಊಟ, ರೂಮು ಬಾಡಿಗೆ ಇದರಲ್ಲಿ ಸೇರಲ್ಲ. ಜೊತೆಗೆ ಹೋದವರ ಟಿಕೆಟ್‌ಗೆ ವೈದ್ಯರ ಬರಹ ಬೇಕೇ ಬೇಕು.

ಕೊಡಗಿನವರ ತೊಂದರೆ ಇರೋದೇ ಇಲ್ಲಿ. ಜಿಲ್ಲೆಯಲ್ಲಿ ರೈಲು ಮಾರ್ಗವೇ ಇಲ್ಲ. ರೈಲು ಹತ್ತಬೇಕಾದರೂ ಮೊದಲು ಮೈಸೂರಿಗೋ ಮಂಗಳೂರಿಗೋ ಇಳಿಯಬೇಕು. ಮೊಣಕಾಲು ಬಗ್ಗದವರು, ಡಯಾಲಿಸಿಸ್ ಮಾಡಿಸಿಕೊಂಡು ಸುಸ್ತಾದವರು ಬಸ್ಸಿನಲ್ಲಿ ಮೂರು ನಾಲ್ಕು ಗಂಟೆ ಕೂರೋಕೆ ಆಗದೆ ಕಾರು ಮಾಡ್ತಾರೆ. ಬಾಡಿಗೆಗೂ ವಾಪಸ್ ಸಿಗೋ ಭತ್ಯೆಗೂ ನಡುವೆ ಇರೋ ಅಂತರ ಪಿಂಚಣಿ ದುಡ್ಡಿನಿಂದಲೇ ಹೋಗಬೇಕು.

ಹಾಗಂತ ಸಿಗೋದನ್ನ ಬಿಡಬಾರದು. ಬಸ್ ಟಿಕೆಟ್ ಬಿಸಾಡಬೇಡಿ. ಟಿಕೆಟ್ ಶಾಯಿ ಬೇಗ ಮಾಸಿ ಹೋಗುತ್ತೆ, ಅದೇ ದಿನ ಮೊಬೈಲ್‌ನಲ್ಲಿ ಫೋಟೋ ತೆಗೆದಿಡಿ, ಜೆರಾಕ್ಸ್ ಮಾಡಿಸಿ. ರೆಫರಲ್ ಪ್ರತಿ, ಕಾರ್ಡ್ ಪ್ರತಿ, ಟಿಕೆಟ್, ಡಿಸ್ಚಾರ್ಜ್ ಅಥವಾ ತಪಾಸಣೆ ಕಾಗದ, ಜೊತೆಯವರ ಬಗ್ಗೆ ವೈದ್ಯರ ಬರಹ, ಬ್ಯಾಂಕ್ ವಿವರ ಎಲ್ಲಾ ಒಂದೇ ಕವರ್‌ನಲ್ಲಿಟ್ಟು ಒಂದು ವಾರದೊಳಗೆ ಪಾಲಿಕ್ಲಿನಿಕ್‌ಗೆ ಕೊಟ್ಟು ಬಿಡಿ. ಕೊಟ್ಟಿದ್ದಕ್ಕೆ ಸಹಿ ಸೀಲು ಹಾಕಿಸಿಕೊಂಡು ಒಂದು ಪ್ರತಿ ಮನೆಯಲ್ಲಿರಲಿ.

ಆಂಬುಲೆನ್ಸ್: ಯಾವುದನ್ನ ಯಾವಾಗ ಕರೀಬೇಕು?

108 – ಆರೋಗ್ಯ ಕವಚ. ರಾಜ್ಯದಲ್ಲಿ 2008ರ ನವೆಂಬರ್‌ನಿಂದ ಇರೋ ಉಚಿತ ಸೇವೆ. ಮಾಜಿ ಸೈನಿಕರು, ಸಾಮಾನ್ಯರು ಅನ್ನೋ ಭೇದ ಇಲ್ಲ, ಕಾರ್ಡ್ ಬೇಡ, ದುಡ್ಡು ಬೇಡ. ಎದೆನೋವು, ಲಕ್ವ, ಬಿದ್ದು ಪೆಟ್ಟು, ಉಸಿರಾಟದ ತೊಂದರೆ, ಹಾವು ಕಡಿತ ಯಾವುದೇ ತುರ್ತಿಗೂ ಮೊದಲ ಫೋನ್ ಇದಕ್ಕೇ. ಹತ್ತಿರದ ಸೂಕ್ತ ಆಸ್ಪತ್ರೆಗೆ ಕರೆದುಕೊಂಡು ಹೋಗ್ತಾರೆ. ಆದರೆ ಮೈಸೂರಿನ ಮಾಮೂಲಿ ತಪಾಸಣೆಗೆ 108 ಕರೆಯೋಕೆ ಬರಲ್ಲ.

ಫೋನ್ ಎತ್ತೋದು ಬೆಂಗಳೂರಿನ ಕೇಂದ್ರದಲ್ಲಿ ಕೂತವರು. ಅವರಿಗೆ ನಿಮ್ಮ ಮನೆತನದ ಹೆಸರು, ತೋಟದ ಹೆಸರು ಗೊತ್ತಿರಲ್ಲ. ಜಿಲ್ಲೆ, ತಾಲೂಕು, ಗ್ರಾಮ, ಹತ್ತಿರದ ಶಾಲೆ ಅಥವಾ ಅಂಗಡಿ, ಮುಖ್ಯರಸ್ತೆಯಿಂದ ಯಾವ ತಿರುವು ಅಂತ ಈ ಕ್ರಮದಲ್ಲಿ ಹೇಳಿ. ಗಾಡಿ ಒಳಗೆ ಬರದ ತೋಟದ ದಾರಿ ಆದರೆ ಒಬ್ಬರು ಟಾರ್ಚ್ ಹಿಡಿದು ಮುಖ್ಯರಸ್ತೆಯಲ್ಲಿ ನಿಂತಿರಲಿ.

ಪಾಲಿಕ್ಲಿನಿಕ್ ಆಂಬುಲೆನ್ಸ್. ಪಾಲಿಕ್ಲಿನಿಕ್‌ಗಳಿಗೆ ಆಂಬುಲೆನ್ಸ್ ಸೌಲಭ್ಯ ಇರುತ್ತೆ, ಚಾಲಕರು ಒಪ್ಪಂದದ ಮೇಲಿರ್ತಾರೆ. ಇದು ಮುಖ್ಯವಾಗಿ ಪಾಲಿಕ್ಲಿನಿಕ್‌ಗೆ ಬಂದ ರೋಗಿಯ ಸ್ಥಿತಿ ಕೆಟ್ಟರೆ ದೊಡ್ಡ ಆಸ್ಪತ್ರೆಗೆ ಸಾಗಿಸೋಕೆ. ಕೆಲಸದ ವೇಳೆಯಲ್ಲಿ ಮಾತ್ರ ಲೆಕ್ಕಕ್ಕೆ ಇಟ್ಟುಕೊಳ್ಳಿ. ಮನೆ ಬಾಗಿಲಿಗೆ ಬಂದೇ ಬರುತ್ತೆ ಅಂತ ನಂಬಿ ಕೂರೋದು ಬೇಡ.

ಖಾಸಗಿ ಆಂಬುಲೆನ್ಸ್. ರೋಗಿಯನ್ನ ಹತ್ತಿಸೋ ಮೊದಲು ಕೇಳಬೇಕಾದ್ದು ಮೂರು: ವಾಪಸ್ ಬರೋ ಬಾಡಿಗೆ ಸೇರಿ ಒಟ್ಟು ಎಷ್ಟು, ಆಕ್ಸಿಜನ್‌ಗೆ ಬೇರೆ ದುಡ್ಡಾ, ಗಾಡಿ ನಂಬರ್ ಇರೋ ಬಿಲ್ ಕೊಡ್ತಾರಾ. ಊರೊಳಗೇ ತುರ್ತಾಗಿ ಸಾಗಿಸಿದ ಆಂಬುಲೆನ್ಸ್ ಖರ್ಚನ್ನ ಇಸಿಎಚ್‌ಎಸ್‌ನಲ್ಲಿ ಕೇಳಬೇಕಾದರೆ, ಬೇರೆ ಗಾಡಿಯಲ್ಲಿ ತಂದಿದ್ದರೆ ಜೀವಕ್ಕೆ ಅಪಾಯ ಆಗ್ತಿತ್ತು ಅಂತ ಚಿಕಿತ್ಸೆ ಕೊಟ್ಟ ವೈದ್ಯರು ಬರೆದುಕೊಡಬೇಕು. ಡಿಸ್ಚಾರ್ಜ್ ಆಗೋ ದಿನವೇ ಇದನ್ನ ಕೇಳಿ ತಗೊಳ್ಳಿ.

ತುರ್ತು ಇದ್ದಾಗ ಪಟ್ಟಿ ನೋಡಬೇಡಿ

ಜೀವಕ್ಕೆ ಅಪಾಯ ಇದ್ದಾಗ ಯಾವ ಆಸ್ಪತ್ರೆ ಹತ್ತಿರವೋ ಅಲ್ಲಿಗೆ ಹೋಗಿ. ನಿಯಮ ಹೀಗಿದೆ:

• ಇಸಿಎಚ್‌ಎಸ್ ಪಟ್ಟಿಯಲ್ಲಿರೋ ಆಸ್ಪತ್ರೆಯಾದರೆ ತುರ್ತಿನಲ್ಲಿ ರೆಫರಲ್ ಬೇಡ. ಕಾರ್ಡ್ ತೋರಿಸಿ ಸೇರಿಸಿ, ಪಾಲಿಕ್ಲಿನಿಕ್‌ಗೆ ತಿಳಿಸೋದು ಆಸ್ಪತ್ರೆಯವರ ಕೆಲಸ.

• ಪಟ್ಟಿಯಲ್ಲಿ ಇಲ್ಲದ ಆಸ್ಪತ್ರೆಯಾದರೆ ಹಣ ನೀವೇ ಕಟ್ಟಬೇಕು. ಆದರೆ 48 ಗಂಟೆಯೊಳಗೆ ಹತ್ತಿರದ ಪಾಲಿಕ್ಲಿನಿಕ್‌ಗೆ ತಿಳಿಸಲೇಬೇಕು. ಆಮೇಲೆ ಬಿಲ್ ಕೊಟ್ಟರೆ ಸರ್ಕಾರ ನಿಗದಿ ಮಾಡಿದ ದರದ ಮಿತಿಯಲ್ಲಿ ಹಣ ವಾಪಸ್ ಬರುತ್ತೆ.

ಈ 48 ಗಂಟೆಯನ್ನ ಮನೆಯವರು ಮರೆತು ಬಿಡ್ತಾರೆ. ಐಸಿಯು ಮುಂದೆ ಕೂತವರಿಗೆ ಇದೆಲ್ಲಾ ನೆನಪಾಗಲ್ಲ. ಅದಕ್ಕೇ ಪಾಲಿಕ್ಲಿನಿಕ್ ನಂಬರನ್ನ ಅಜ್ಜನ ಮೊಬೈಲ್‌ನಲ್ಲಿ ಮಾತ್ರ ಅಲ್ಲ, ಬೆಂಗಳೂರಿನಲ್ಲಿರೋ ಮಗಳ ಮೊಬೈಲ್‌ನಲ್ಲೂ ಇಟ್ಟಿರಬೇಕು. ಆಸ್ಪತ್ರೆಯಲ್ಲಿ ಯಾರೇ ಓಡಾಡಲಿ, ಈ ಒಂದು ಫೋನನ್ನ ಊರಲ್ಲಿಲ್ಲದ ಮಕ್ಕಳೇ ಮಾಡಬಹುದು.

ಇನ್ನೊಂದು ಮಾತು. ಎದೆನೋವು ಬಂತು ಅಂತ ಕಾರು ಹತ್ತಿಸಿ ಸೀದಾ ಮೈಸೂರಿಗೆ ಓಡಿಸೋ ಅಭ್ಯಾಸ ಇಲ್ಲಿದೆ. ಎರಡೂವರೆ ಮೂರು ಗಂಟೆ ದಾರಿಯಲ್ಲೇ ಹೋಗುತ್ತೆ. ಮೊದಲು ಹತ್ತಿರದ ತಾಲೂಕು ಅಥವಾ ಜಿಲ್ಲಾ ಆಸ್ಪತ್ರೆಯಲ್ಲಿ ಇಸಿಜಿ ಮಾಡಿಸಿ. ನಟ ಪುನೀತ್ ರಾಜ್‌ಕುಮಾರ್ ಹೆಸರಿನಲ್ಲಿ ರಾಜ್ಯ ಸರ್ಕಾರ 2023ರಲ್ಲಿ ಶುರು ಮಾಡಿದ ಹೃದಯ ಜ್ಯೋತಿ ಯೋಜನೆ ಇರೋದೇ ಇದಕ್ಕೆ. ತಾಲೂಕು ಮಟ್ಟದ ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನ ದೊಡ್ಡ ಹೃದ್ರೋಗ ಆಸ್ಪತ್ರೆಯ ತಜ್ಞರು ನೋಡ್ತಾರೆ, ಹೃದಯಾಘಾತ ಅಂತ ಗೊತ್ತಾದರೆ ರಕ್ತ ಹೆಪ್ಪು ಕರಗಿಸೋ ದುಬಾರಿ ಇಂಜೆಕ್ಷನ್ ಅಲ್ಲೇ ಉಚಿತವಾಗಿ ಕೊಡ್ತಾರೆ. ಅದಾದ ಮೇಲೆ ಮೈಸೂರಿಗೆ ಹೊರಡೋ ರೋಗಿಗೂ, ಏನೂ ಇಲ್ಲದೆ ಹೊರಡೋ ರೋಗಿಗೂ ಬಹಳ ವ್ಯತ್ಯಾಸ ಇದೆ.

ಬಸ್ಸು, ರೈಲಿನಲ್ಲಿ ಏನು ರಿಯಾಯಿತಿ?

• 60 ದಾಟಿದವರಿಗೆ ಕೆಎಸ್‌ಆರ್‌ಟಿಸಿ ಬಸ್‌ನಲ್ಲಿ ವಯಸ್ಸಿನ ದಾಖಲೆ ತೋರಿಸಿದರೆ ಟಿಕೆಟ್ ದರದಲ್ಲಿ ಶೇ 25 ರಿಯಾಯಿತಿ. ಖಾಸಗಿ ಬಸ್‌ನಲ್ಲಿ ಇದು ನಡೆಯಲ್ಲ. ಒಳಭಾಗದ ಹಲವು ಊರಿಗೆ ಖಾಸಗಿ ಬಸ್ಸೇ ಆಧಾರ ಆಗಿರೋದರಿಂದ ಆ ಭಾಗಕ್ಕೆ ಪೂರ್ತಿ ದರ.

• ಮಹಿಳೆಯರಿಗೆ ಶಕ್ತಿ ಯೋಜನೆ (2023ರ ಜೂನ್ 11ರಿಂದ) ಅಡಿ ರಾಜ್ಯದೊಳಗೆ ಸಾಮಾನ್ಯ, ಎಕ್ಸ್‌ಪ್ರೆಸ್ ಸರ್ಕಾರಿ ಬಸ್‌ನಲ್ಲಿ ಪ್ರಯಾಣ ಉಚಿತ. ರಾಜಹಂಸ, ಎಸಿ ಬಸ್‌ಗೆ ಇಲ್ಲ. ಸೈನಿಕರ ಪತ್ನಿ, ವಿಧವೆಯರು ಪಾಲಿಕ್ಲಿನಿಕ್‌ಗೂ ಮೈಸೂರಿಗೂ ಹೀಗೆ ಹೋಗಿ ಬರಬಹುದು.

• ಅಂಗವಿಕಲರ ರಿಯಾಯಿತಿ ಪಾಸ್ ವಾಸಸ್ಥಳದಿಂದ 100 ಕಿ.ಮೀ. ಒಳಗೆ ಮಾತ್ರ. ಕುಶಾಲನಗರದಿಂದ ಮೈಸೂರು ಅದರೊಳಗೆ ಬರುತ್ತೆ, ಮಡಿಕೇರಿಯಿಂದ ಬರಲ್ಲ. ಅರ್ಜಿ ಸೇವಾಸಿಂಧುವಿನಲ್ಲಿ ಹಾಕಬೇಕು.

• ರೈಲಿನಲ್ಲಿ ಹಿರಿಯ ನಾಗರಿಕರ ರಿಯಾಯಿತಿ 2020ರ ಮಾರ್ಚ್‌ನಲ್ಲಿ ನಿಂತಿತು. ಆದರೆ ಕ್ಯಾನ್ಸರ್, ಕಿಡ್ನಿ, ಹೃದಯ ಶಸ್ತ್ರಚಿಕಿತ್ಸೆಯಂಥ ಕೆಲವು ಕಾಯಿಲೆಯ ರೋಗಿಗಳಿಗೆ, ಜೊತೆಗೆ ಹೋಗೋ ಒಬ್ಬರಿಗೆ ರಿಯಾಯಿತಿ ಇದೆ. ಆಸ್ಪತ್ರೆಯಿಂದ ನಿಗದಿತ ನಮೂನೆಯ ಪ್ರಮಾಣಪತ್ರ ಬೇಕು. ಮೈಸೂರಿನಿಂದ ಬೆಂಗಳೂರಿಗೆ ಹೋಗೋರಿಗೆ ಉಪಯೋಗ.

ಪಿಂಚಣಿ ಇಲ್ಲದ ಮಾಜಿ ಸೈನಿಕರು?

ಕೆಲವೇ ವರ್ಷ ಸೇವೆ ಮಾಡಿ ಪಿಂಚಣಿ ಇಲ್ಲದೆ ಬಂದವರೂ ಹಳ್ಳಿಗಳಲ್ಲಿದ್ದಾರೆ. ಇವರಲ್ಲಿ ಹೆಚ್ಚಿನವರ ಹತ್ರ ಇಸಿಎಚ್‌ಎಸ್ ಕಾರ್ಡ್ ಇರಲ್ಲ. ಇವರು ಹೋಗಬೇಕಾದ ಜಾಗ ಮಡಿಕೇರಿಯ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆ ಕಚೇರಿ. ಕೇಂದ್ರೀಯ ಸೈನಿಕ ಮಂಡಳಿ ಮೂಲಕ ರಕ್ಷಣಾ ಸಚಿವರ ಮಾಜಿ ಸೈನಿಕರ ಕಲ್ಯಾಣ ನಿಧಿಯಿಂದ ಪಿಂಚಣಿರಹಿತರಿಗೆ ಚಿಕಿತ್ಸಾ ಸಹಾಯಧನ ಸಿಗುತ್ತೆ. ಸೇವೆಯಿಂದ ಬಂದ ಮೇಲೆ ಅಂಗವಿಕಲರಾದವರಿಗೆ ಓಡಾಟದ ಸಾಧನಕ್ಕೂ ಇದೇ ನಿಧಿಯಲ್ಲಿ ನೆರವು ಇದೆ. ಡಿಸ್ಚಾರ್ಜ್ ಪುಸ್ತಕ ಮತ್ತು ಮಾಜಿ ಸೈನಿಕರ ಗುರುತಿನ ಚೀಟಿ ಇಲ್ಲದೆ ಅರ್ಜಿ ಮುಂದೆ ಹೋಗಲ್ಲ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂ. ತನಕ ಚಿಕಿತ್ಸೆ ಇದೆ.

ಹೋಗದೇನೇ ಆಗೋ ಕೆಲಸ

ಪ್ರತಿ ತೊಂದರೆಗೂ ಗಾಡಿ ಹತ್ತಬೇಕಾಗಿಲ್ಲ. ರಕ್ಷಣಾ ಸಚಿವಾಲಯ 2021ರ ಮೇನಲ್ಲಿ ಸೇಹತ್ ಒಪಿಡಿ ಅನ್ನೋ ಸೇವೆ ಶುರು ಮಾಡಿದೆ. ಸೇವೆಯಲ್ಲಿರೋ ಸೈನಿಕರು, ಮಾಜಿ ಸೈನಿಕರು, ಕುಟುಂಬದವರು ಮೊಬೈಲ್ ಅಥವಾ ಕಂಪ್ಯೂಟರ್‌ನಲ್ಲಿ ವಿಡಿಯೋ ಮೂಲಕ ವೈದ್ಯರ ಜೊತೆ ಉಚಿತವಾಗಿ ಮಾತಾಡಬಹುದು. ಬಿಪಿ, ಶುಗರ್ ರಿಪೋರ್ಟ್ ತೋರಿಸೋದು, ಮಾತ್ರೆ ಮುಂದುವರಿಸಬೇಕಾ ಅಂತ ಕೇಳೋದು ಇಲ್ಲೇ ಆಗುತ್ತೆ. ನೆಟ್‌ವರ್ಕ್ ಸಿಗದ ತೋಟದಲ್ಲಿದ್ದರೆ ಊರಿನ ಅಂಗಡಿ ಹತ್ರ ಬಂದು ಹತ್ತು ನಿಮಿಷ ಕೂತರೆ ಸಾಕು, ಮಡಿಕೇರಿಗೆ ಹೋಗೋ ಅರ್ಧ ದಿನ ಉಳಿಯುತ್ತೆ.

ಡಯಾಲಿಸಿಸ್ ಅಂದ್ರೆ ವಾರಕ್ಕೆ ಎರಡು ಮೂರು ಸಲದ ಓಡಾಟ. ಸರ್ಕಾರಿ ಜಿಲ್ಲಾ, ತಾಲೂಕು ಆಸ್ಪತ್ರೆಗಳಲ್ಲಿ ಉಚಿತ ಡಯಾಲಿಸಿಸ್ ಸೌಲಭ್ಯ ಇರೋದರಿಂದ ಮನೆಗೆ ಹತ್ತಿರ ಎಲ್ಲಿ ಯಂತ್ರ ಖಾಲಿ ಇದೆ ಅಂತ ಮೊದಲು ವಿಚಾರಿಸಿ, ಆಮೇಲೆ ದೂರದ್ದು ನೋಡಿ.

ಮಳೆಗಾಲ ಮತ್ತು ರಾತ್ರಿ

2018ರ ಆಗಸ್ಟ್ ಯಾರೂ ಮರೆತಿಲ್ಲ. ಮಡಿಕೇರಿ–ಸಂಪಾಜೆ ನಡುವೆ ಹೆದ್ದಾರಿ ಕುಸಿದು ಮಂಗಳೂರು ದಾರಿಯೇ ಮುಚ್ಚಿಹೋಗಿತ್ತು. 2020ರ ಆಗಸ್ಟ್‌ನಲ್ಲಿ ತಲಕಾವೇರಿ ಹತ್ರ ಬ್ರಹ್ಮಗಿರಿ ಬೆಟ್ಟ ಕುಸಿಯಿತು. ಮಂಗಳೂರಿನ ಆಸ್ಪತ್ರೆಯಲ್ಲಿ ನೋಡಿಸಿಕೊಳ್ಳೋರು ಮೈಸೂರಿನಲ್ಲಿ ಬದಲಿ ಆಸ್ಪತ್ರೆ ಯಾವುದು ಅಂತ ಮೇ ತಿಂಗಳಲ್ಲೇ ಪಾಲಿಕ್ಲಿನಿಕ್‌ನಲ್ಲಿ ಕೇಳಿಟ್ಟುಕೊಳ್ಳಬೇಕು. ಜೂನ್‌ನಿಂದ ಆಗಸ್ಟ್ ತನಕ ಕೈಯಲ್ಲಿ ಒಂದು ವಾರದ ಮಾತ್ರೆ ಹೆಚ್ಚಿಗೆ ಇರೋ ಹಾಗೆ ನೋಡಿಕೊಳ್ಳಿ. ಸಿದ್ದಾಪುರ, ಅಮ್ಮತ್ತಿ ಕಡೆ ರಾತ್ರಿ ರಸ್ತೆಯಲ್ಲಿ ಕಾಡಾನೆ ಇರೋದರಿಂದ ಬೈಕ್‌ನಲ್ಲಿ ರೋಗಿಯನ್ನ ಕೂರಿಸಿಕೊಂಡು ಹೋಗೋ ಸಾಹಸ ಬೇಡ.

ಬೇರೆ ಕಡೆ ಹೇಗೆ ಮಾಡ್ತಾರೆ?

ಊರಿಂದ ಆಸ್ಪತ್ರೆ ದೂರ ಅನ್ನೋ ಸಮಸ್ಯೆ ಅಮೆರಿಕದ ಮಾಜಿ ಸೈನಿಕರಿಗೂ ಇದೆ. ಅಲ್ಲಿ ಸರ್ಕಾರ ಅರ್ಹರಿಗೆ ಮೈಲಿಗೆ ಇಷ್ಟು ಅಂತ ಲೆಕ್ಕ ಹಾಕಿ ದಾರಿಖರ್ಚು ಕೊಡುತ್ತೆ. ಸ್ವಂತ ಕಾರಲ್ಲಿ ಹೋದರೂ ಸಿಗುತ್ತೆ, ಸಾಮಾನ್ಯವಾಗಿ 30 ದಿನದೊಳಗೆ ಅರ್ಜಿ ಹಾಕಬೇಕು. 1980ರ ದಶಕದಲ್ಲಿ ಈ ಭತ್ಯೆಯನ್ನ ಬಹಳ ಜನರಿಗೆ ನಿಲ್ಲಿಸಿದಾಗ ಅಂಗವಿಕಲ ಮಾಜಿ ಸೈನಿಕರ ಸಂಘ ಡಿಎವಿ 1987ರಲ್ಲಿ ತಾನೇ ವ್ಯಾನ್ ಸೇವೆ ಶುರು ಮಾಡಿತು. ಸಂಘದವರು ದುಡ್ಡು ಕೂಡಿಸಿ ವ್ಯಾನ್ ಕೊಂಡು ಮಾಜಿ ಸೈನಿಕರ ಆಸ್ಪತ್ರೆಗಳಿಗೆ ಕೊಡ್ತಾರೆ. ಓಡಿಸೋರು ಸಂಬಳ ಇಲ್ಲದ ಸ್ವಯಂಸೇವಕರು, ಅವರಲ್ಲಿ ಎಷ್ಟೋ ಜನ ಮಾಜಿ ಸೈನಿಕರೇ. ಯಾರಿಗೆ ಯಾವ ದಿನ ತಪಾಸಣೆ ಅಂತ ಮೊದಲೇ ಬರೆದುಕೊಂಡು, ಒಂದೇ ದಾರಿಯವರನ್ನ ಒಂದೇ ವ್ಯಾನ್‌ನಲ್ಲಿ ಕರೆದುಕೊಂಡು ಹೋಗ್ತಾರೆ.

ಇದರಲ್ಲಿ ಕೊಡಗಿಗೆ ತಗೊಳ್ಳಬಹುದಾದ್ದು ವ್ಯಾನ್ ಅಲ್ಲ, ಆ ಪಟ್ಟಿ. ಒಂದೇ ಊರಿನಿಂದ ಒಂದೇ ವಾರದಲ್ಲಿ ಮೂರು ಜನ ಮೂರು ಕಾರು ಮಾಡಿಕೊಂಡು ಮೈಸೂರಿಗೆ ಹೋಗೋದುಂಟು. ಮೂವರೂ ಒಂದೇ ದಿನ ಡಾಕ್ಟರ್ ಟೈಮ್ ತಗೊಂಡರೆ ಬಾಡಿಗೆ ಮೂರರಲ್ಲಿ ಒಂದು ಪಾಲಾಗುತ್ತೆ. ಇದಕ್ಕೆ ಸರ್ಕಾರದ ಆದೇಶ ಬೇಡ. ತಾಲೂಕು ಮಾಜಿ ಸೈನಿಕರ ಸಂಘದ ವಾಟ್ಸಾಪ್ ಗ್ರೂಪ್‌ನಲ್ಲಿ ಭಾನುವಾರ ಸಂಜೆ ‘ಈ ವಾರ ಯಾರು ಮೈಸೂರು?’ ಅಂತ ಒಂದು ಮೆಸೇಜ್ ಸಾಕು.

ಅಂಗಡಿಯವರು, ಆಟೋದವರು ಮಾಡಬಹುದಾದ್ದು

• ಮೆಡಿಕಲ್ ಶಾಪ್‌ನವರು: ಇಸಿಎಚ್‌ಎಸ್ ಚೀಟಿ ಹಿಡಿದು ಬಂದವರಿಗೆ ಔಷಧಿ ಹೆಸರು, ದಿನಾಂಕ, ರೋಗಿಯ ಹೆಸರು ಸರಿಯಾಗಿರೋ ಪಕ್ಕಾ ಬಿಲ್ ಕೊಡಿ. ಬಿಳಿ ಚೀಟಿಯಲ್ಲಿ ಒಟ್ಟು ಮೊತ್ತ ಬರೆದುಕೊಟ್ಟರೆ ಅವರಿಗೆ ಹಣ ವಾಪಸ್ ಬರಲ್ಲ.

• ಆಟೋ, ಜೀಪ್, ಬಾಡಿಗೆ ಕಾರಿನವರು: ಹೊರಟ ಊರು, ತಲುಪಿದ ಊರು, ದಿನಾಂಕ, ಗಾಡಿ ನಂಬರ್ ಹಾಕಿ ರಶೀದಿ ಕೊಡಿ. ಒಂದು ರಶೀದಿ ಪುಸ್ತಕಕ್ಕೆ ಹೆಚ್ಚೇನೂ ಖರ್ಚಾಗಲ್ಲ.

• ಬಸ್ ನಿಲ್ದಾಣದ ಪಕ್ಕದ ಅಂಗಡಿಯವರು: ಮೊದಲ ಬಸ್, ಕೊನೇ ಬಸ್ ಸಮಯ, 108, ಎರಡೂ ಪಾಲಿಕ್ಲಿನಿಕ್ ನಂಬರ್ ಬರೆದ ಕಾಗದ ಅಂಗಡಿ ಮುಂದೆ ಅಂಟಿಸಿ. ವಯಸ್ಸಾದವರು ಕೂರೋಕೆ ಒಂದು ಕುರ್ಚಿ ಇಡಿ.

• ಅಪಘಾತದ ಗಾಯಾಳುವನ್ನ ಆಸ್ಪತ್ರೆಗೆ ಸೇರಿಸಿದರೆ ಪೊಲೀಸ್ ಕೇಸ್ ಆಗುತ್ತೆ ಅನ್ನೋ ಹೆದರಿಕೆ ಬೇಡ. 2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯ್ದೆಗೆ ಸೇರಿಸಿದ 134ಎ ಕಲಂ ಒಳ್ಳೇ ಮನಸ್ಸಿನಿಂದ ಸಹಾಯ ಮಾಡಿದವರಿಗೆ ರಕ್ಷಣೆ ಕೊಡುತ್ತೆ.

ಮನೆ ಗೋಡೆಗೆ ಅಂಟಿಸಿಡಿ

1. ತುರ್ತು ಇದ್ದರೆ 108. ಮೊದಲು ಹತ್ತಿರದ ಆಸ್ಪತ್ರೆ, ಆಮೇಲೆ ಮೈಸೂರು.

2. ಕಾರ್ಡ್, ಆಧಾರ್, ಹಳೇ ರಿಪೋರ್ಟ್, ಈಗ ತಗೊಳ್ತಿರೋ ಮಾತ್ರೆಗಳ ಪಟ್ಟಿ ಒಂದೇ ಚೀಲದಲ್ಲಿ, ಬಾಗಿಲ ಹತ್ರ.

3. ಪಟ್ಟಿಯಲ್ಲಿಲ್ಲದ ಆಸ್ಪತ್ರೆಗೆ ಸೇರಿಸಿದರೆ 48 ಗಂಟೆಯೊಳಗೆ ಪಾಲಿಕ್ಲಿನಿಕ್‌ಗೆ ಫೋನ್.

4. ಮಾಮೂಲಿ ತಪಾಸಣೆಗೆ ಹೊರಡೋ ಮೊದಲು: ರೆಫರಲ್ ಅವಧಿ, ಆಸ್ಪತ್ರೆ ಪಟ್ಟಿಯಲ್ಲಿದೆಯಾ, ಡಾಕ್ಟರ್ ಇದ್ದಾರಾ, ಜೊತೆಯವರ ಬಗ್ಗೆ ಬರಹ.

5. ವಾಪಸ್ ಬಂದ ದಿನವೇ ಟಿಕೆಟ್ ಫೋಟೋ. ವಾರದೊಳಗೆ ಅರ್ಜಿ.

6. ಮುಖ್ಯರಸ್ತೆ ತನಕ ಕರೆತರೋ ಇಬ್ಬರು ಗಾಡಿಯವರ ನಂಬರ್. ಒಬ್ಬರು ಸಿಗದಿದ್ದರೆ ಇನ್ನೊಬ್ಬರು.

ಆರನೇದು ಯಾವ ಸರ್ಕಾರಿ ಯೋಜನೆಯಲ್ಲೂ ಇಲ್ಲ. ಮನೆ ಬಾಗಿಲಿನಿಂದ ಬಸ್ ಸ್ಟಾಪ್ ತನಕದ ಎರಡು ಕಿಲೋಮೀಟರ್‌ಗೆ ಭತ್ಯೆ ಕೊಡೋರು ಯಾರೂ ಇಲ್ಲ, ಅಲ್ಲಿಗೆ ಬರೋದು ಪಕ್ಕದ ಮನೆಯವರ ಜೀಪೇ. ನಿಮ್ಮ ಊರಿನಲ್ಲಿ ಒಂಟಿಯಾಗಿರೋ ಮಾಜಿ ಸೈನಿಕರು, ಸೈನಿಕರ ಪತ್ನಿಯರು ಇದ್ದರೆ ಈ ಮಾಹಿತಿ ಓದಿ ಹೇಳಿ, ನಿಮ್ಮ ಫೋನ್ ನಂಬರ್ ಅವರ ಗೋಡೆ ಮೇಲೆ ಬರೆದು ಬನ್ನಿ.